ನಡುವಿನ ಮನೆಯ ಉತ್ಪನ್ನವೆಷ್ಟು?

2019ನೆಯ ಇಸವಿಯ ಆಗಸ್ಟ್ ತಿಂಗಳನ್ನು ನಮ್ಮ ಭಾಗದವರು ಮರೆತಿರಲಾರರು. ಕೃಷ್ಣೆ ಉಕ್ಕಿ ಬಂದು ಸಾಂಗಲಿಯ ಪೇಟೆಯೊಳಗೆ ದೋಣಿ ನಡೆದವು. ಹೊಳೆಸಾಲಿನ ಊರುಗಳಲ್ಲಿ ಕಬ್ಬು, ಅರಿಷಿಣ, ದನಕರು ನೀರುಪಾಲಾದವು. ಅದೇ ಹೊತ್ತಿಗೆ ಅದೇ ಜಿಲ್ಲೆಯ ಪೂರ್ವಕ್ಕೆ, ಜತ್ತ ತಾಲೂಕಿನಲ್ಲಿ, ಹೆಂಗಸರು ಕೊಡ ಇಟ್ಟುಕೊಂಡು ಟ್ಯಾಂಕರಿನ ಹಾದಿ ಕಾಯುತ್ತಿದ್ದರು. ಈ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಏನು ಬರುವದು? ಸಾಂಗಲಿ ಜಿಲ್ಲೆಗೆ ಹದವಾದ ಮಳೆಯಾಯಿತೆಂದು ಬರುವದು. ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಆ ಹದವಾದ ಮಳೆ ಹೊಳೆಸಾಲಿನವನ ಹೊಲದಲ್ಲಿಯೂ ಬೀಳಲಿಲ್ಲ, ಜತ್ತದವನ ಹೊಲದಲ್ಲಿಯೂ ಬೀಳಲಿಲ್ಲ.

ಮಳೆಯ ಲೆಕ್ಕದಲ್ಲಿ ಆಗುವ ಈ ಮೋಸವೇ ನಮ್ಮ ಉತ್ಪನ್ನದ ಲೆಕ್ಕದಲ್ಲಿಯೂ ವರ್ಷ ವರ್ಷ ಆಗುತ್ತಿದೆ. ಸಾಂಗಲಿ ಜಿಲ್ಲೆಯೆಂದರೆ ಸಕ್ಕರೆ ಕಾರಖಾನೆಗಳ ಜಿಲ್ಲೆ, ಅರಿಷಿಣದ ಪೇಟೆಯ ಜಿಲ್ಲೆ, ತಾಸಗಾಂವದ ದ್ರಾಕ್ಷಿ-ಬೇದಾಣೆಯ ಜಿಲ್ಲೆ ಎಂದು ಮುಂಬಯಿಯಲ್ಲಿ ಕುಳಿತವರು ತಿಳಿದಿದ್ದಾರೆ. ಅದು ಸುಳ್ಳಲ್ಲ. ಆದರೆ ಉಮದಿ, ಸಂಖ, ಮಾಡಗ್ಯಾಳ, ತಿಕ್ಕೊಂಡಿ ಕಡೆಯ ಸಜ್ಜೆ-ಜೋಳದ ಒಕ್ಕಲಿಗನೂ ಅದೇ ಜಿಲ್ಲೆಯವನು. ಜಿಲ್ಲೆಯ ತಲಾ ಉತ್ಪನ್ನವೆಂದು ಒಂದು ಅಂಕಿ ಹೊರಬಿದ್ದಾಗ ಅವನ ಹೆಸರಿಗೂ ಅಷ್ಟೇ ಜಮಾ ಆಗುತ್ತದೆ. ಕೈಗೆ ಮಾತ್ರ ಬರುವದಿಲ್ಲ. ಆದಕಾರಣ ಈ ಅಂಕಿಯ ಬದಲು ಬೇರೊಂದು ಅಂಕಿಯನ್ನು ನಾವು ಕೇಳಬೇಕು, ಸಾಧ್ಯವಿದ್ದಷ್ಟು ಅದನ್ನು ನಾವೇ ಎಣಿಸಿಯೂ ಇಟ್ಟುಕೊಳ್ಳಬೇಕು. ಇಷ್ಟೇ ಈ ಲೇಖನದ ಮಾತು.

ಹನ್ನೊಂದು ಮನೆಗಳ ಓಣಿ

ನಾವು ಕಲಿಸುವದು ಕನ್ನಡ ಶಾಲೆಯಲ್ಲಿ. ಬೆಳಿಗ್ಗೆ ಸಂಜೆ ದುಡಿಯುವದು ಹಿರಿಯರು ಬಿಟ್ಟುಹೋದ ನಾಲ್ಕೂವರೆ ಎಕರೆ ಹೊಲದಲ್ಲಿ. ಶಿಕ್ಷಕರ ತರಬೇತಿಯ ಕಾಲಕ್ಕೆ ಸರಾಸರಿ, ಮಧ್ಯಾಂಕ ಎಂಬ ಪಾಠಗಳನ್ನು ಪರೀಕ್ಷೆಯ ಮಾರ್ಕಿಗಾಗಿ ಓದಿದ್ದೆವು. ಅವುಗಳ ಬೆಲೆ ತಿಳಿದದ್ದು ಹೊಲಕ್ಕೆ ಇಳಿದ ಮೇಲೆ. ಶಾಲೆಯ ಹಲಗೆಯ ಮೇಲೆ ನಾವು ಬರೆದು ತೋರಿಸುವ ಉದಾಹರಣೆಯನ್ನೇ ಇಲ್ಲಿ ಕೊಡುತ್ತೇವೆ.

ಒಂದು ಓಣಿಯಲ್ಲಿ ಹನ್ನೊಂದು ಮನೆಗಳಿವೆ ಎಂದುಕೊಳ್ಳಿರಿ. ವರ್ಷದ ಉತ್ಪನ್ನವನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸೋಣ: 36,000, 48,000, 60,000, 72,000, 84,000, 96,000, 1,08,000, 1,32,000, 1,80,000, 3,00,000, ಕೊನೆಯ ಮನೆ ದ್ರಾಕ್ಷಿ ತೋಟದ್ದು, 11,94,000 ರೂಪಾಯಿ. ಎಲ್ಲ ಕೂಡಿಸಿದರೆ 23,10,000. ಹನ್ನೊಂದರಿಂದ ಭಾಗಿಸಿದರೆ ಸರಾಸರಿ 2,10,000 ರೂಪಾಯಿ. ಆದರೆ ಹನ್ನೊಂದು ಮನೆಗಳಲ್ಲಿ ಒಂಬತ್ತು ಮನೆಗಳು ಈ ಸರಾಸರಿಯ ಕೆಳಗೇ ಇವೆ! ಇನ್ನು ಸಾಲಿನ ನಡುವೆ ನಿಂತ ಆರನೆಯ ಮನೆಯನ್ನು ನೋಡಿರಿ. ಅದರ ಮೇಲೆ ಐದು ಮನೆ, ಕೆಳಗೆ ಐದು ಮನೆ. ಅದರ ಉತ್ಪನ್ನ 96,000. ಈ ನಡುವಿನ ಮನೆಯ ಅಂಕಿಗೇ ಮಧ್ಯಾಂಕ ಎನ್ನುವದು. ಓಣಿಯ ನಿಜಸ್ಥಿತಿಗೆ ಹತ್ತಿರವಾದದ್ದು ಯಾವದೆಂದು ಏಳನೆಯ ಇಯತ್ತೆಯ ಹುಡುಗನೂ ಹೇಳಿಯಾನು.

ಮುಂದಿನ ವರ್ಷ ದ್ರಾಕ್ಷಿಗೆ ಒಳ್ಳೆಯ ದರ ಬಂದು ಕೊನೆಯ ಮನೆಯ ಉತ್ಪನ್ನ 3,30,000 ರೂಪಾಯಿ ಏರಿತೆನ್ನಿರಿ. ಉಳಿದ ಹತ್ತು ಮನೆಗಳಲ್ಲಿ ಒಂದು ದಮ್ಮಡಿಯೂ ಹೆಚ್ಚಲಿಲ್ಲ. ಆಗ ಸರಾಸರಿ 2,40,000ಕ್ಕೆ ಏರುತ್ತದೆ. ಓಣಿ ಮುಂದುವರಿಯಿತೆಂದು ಭಾಷಣ ಮಾಡಲು ಅಡ್ಡಿಯಿಲ್ಲ. ಮಧ್ಯಾಂಕ ಮಾತ್ರ 96,000ದಲ್ಲಿಯೇ ಕುಳಿತಿರುತ್ತದೆ. ನಡುವಿನ ಮನೆ ಏರಿದರೆ ಅದು ಏರುವದು, ನಡುವಿನ ಮನೆ ಇಳಿದರೆ ಅದು ಇಳಿಯುವದು.

ಇಲ್ಲಿ ನಮ್ಮದೊಂದು ಒಪ್ಪಿಗೆಯೂ ಇದೆ. ನಮ್ಮ ಊರಿನ ಮನೆಗಳನ್ನು ಹೀಗೆ ಸಾಲಾಗಿ ನಿಲ್ಲಿಸಿದರೆ ನಮ್ಮ ಮನೆಯನ್ನು ಮೇಲಿನಿಂದ ಎಣಿಸಬೇಕಾದೀತು. ಮಾಸ್ತರಿಕೆಯ ಪಗಾರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ, ಮಳೆ ಬರಲಿ ಬಿಡಲಿ. ಊರಿನ ಸರಾಸರಿಯನ್ನು ಏರಿಸಿ ನೆರೆಯವರ ಬಡತನ ಮುಚ್ಚುವವರಲ್ಲಿ ನಾವೂ ಸೇರಿದ್ದೇವೆ.

ಜಿಲ್ಲೆಯ ಅಂಕಿ ಹುಟ್ಟುವ ಬಗೆ

ಜಿಲ್ಲೆಯ ತಲಾ ಉತ್ಪನ್ನವನ್ನು ರಾಜ್ಯದ ಅರ್ಥ ಮತ್ತು ಸಾಂಖ್ಯಿಕ ಇಲಾಖೆಯವರು ತೆಗೆಯುತ್ತಾರೆ. ಅದಕ್ಕಾಗಿ ಅವರು ಯಾರ ಮನೆಯ ಬಾಗಿಲನ್ನೂ ತಟ್ಟುವದಿಲ್ಲ. ಬೆಳೆಯ ಕ್ಷೇತ್ರ, ಎಕರೆಗೆ ಬಂದ ಹುಟ್ಟುವಳಿ, ಪೇಟೆಯ ದರ ಇವುಗಳಿಂದ ಒಕ್ಕಲುತನದ ಪಾಲನ್ನು ಲೆಕ್ಕ ಹಾಕುತ್ತಾರೆ. ಎಷ್ಟೋ ಉದ್ಯೋಗಗಳ ಪಾಲನ್ನು ಇಡೀ ರಾಜ್ಯದ ಮೊತ್ತದಿಂದ ಕೆಲಸಗಾರರ ಸಂಖ್ಯೆಯ ಪ್ರಮಾಣದಲ್ಲಿ ಹಂಚುತ್ತಾರೆ. ಕೊನೆಗೆ ಬಂದದ್ದನ್ನು ಜನಸಂಖ್ಯೆಯಿಂದ ಭಾಗಿಸುತ್ತಾರೆ. 2011ರ ಜನಗಣತಿಯಲ್ಲಿ ಸಾಂಗಲಿ ಜಿಲ್ಲೆಯಲ್ಲಿ 28 ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಕಾರಖಾನೆಯ ಒಡೆಯನೂ ಅವರಲ್ಲಿ ಒಂದು ತಲೆ, ಕಬ್ಬು ಕಡಿಯುವವನೂ ಒಂದು ತಲೆ.

ಈ ಲೆಕ್ಕ ನಿಷ್ಪ್ರಯೋಜಕವೆಂದು ನಾವು ಹೇಳುವದಿಲ್ಲ. ಜಿಲ್ಲೆಯಲ್ಲಿ ಎಷ್ಟು ಸಂಪತ್ತು ಹುಟ್ಟಿತೆಂಬದು ಅದರಿಂದ ತಿಳಿಯುತ್ತದೆ. ಹುಟ್ಟಿದ ಸಂಪತ್ತು ಯಾರ ಮನೆ ಸೇರಿತೆಂಬದು ತಿಳಿಯುವದಿಲ್ಲ. ಜತ್ತದ ಕಡೆಯಿಂದ ಎಷ್ಟೋ ಕುಟುಂಬಗಳು ದೀಪಾವಳಿಯ ಸುಮಾರಿಗೆ ಬಂಡಿ ಹೂಡಿ ಕಬ್ಬು ಕಡಿಯಲು ಹೊರಟುಹೋಗುತ್ತವೆ. ಅವರು ಕಡಿದ ಕಬ್ಬಿನ ಬೆಲೆ ಬೇರೆ ತಾಲೂಕಿನ, ಬೇರೆ ಜಿಲ್ಲೆಯ ಲೆಕ್ಕಕ್ಕೆ ಹೋಗುತ್ತದೆ. ವಿಟಾ-ಆಟಪಾಡಿ ಕಡೆಯ ಗಲಾಯಿಗಳು ಚಿನ್ನ ಬೆಳ್ಳಿ ಕರಗಿಸುವ ಕಸಬಿನಿಂದ ದೇಶದ ಮೂಲೆ ಮೂಲೆಗೆ ಹೋಗಿದ್ದಾರೆ. ಅವರು ಊರಿಗೆ ಕಳಿಸಿದ ಹಣದಿಂದ ಇಲ್ಲಿ ಮನೆಗಳು ಎದ್ದಿವೆ. ಆದರೆ ಅದು ಇಲ್ಲಿ ಹುಟ್ಟಿದ ಉತ್ಪನ್ನವಲ್ಲ. ಅಂದಮೇಲೆ ಒಂದು ಮನೆಗೆ ಏನು ಬಂತೆಂದು ತಿಳಿಯಬೇಕಾದರೆ ಆ ಮನೆಯನ್ನೇ ಕೇಳಬೇಕು.

ಇನ್ನು ಜತ್ತದ ಪಾಲಿಗೆ ಮರೆಯ ಮೇಲೆ ಮರೆ. 1984ರಲ್ಲಿ ದಾಂಡೇಕರ ಸಮಿತಿ ಮಹಾರಾಷ್ಟ್ರದ ಹಿಂದುಳಿಕೆಯನ್ನು ಅಳೆದಾಗ ಜಿಲ್ಲೆಯನ್ನು ಅಳತೆಗೋಲಾಗಿ ಹಿಡಿಯಿತು. 1994ರಲ್ಲಿ ವಿಕಾಸ ಮಂಡಳಗಳು ಹುಟ್ಟಿದಾಗ ವಿದರ್ಭಕ್ಕೊಂದು, ಮರಾಠವಾಡಕ್ಕೊಂದು, ಉಳಿದ ಮಹಾರಾಷ್ಟ್ರಕ್ಕೊಂದು ಎಂದು ಮೂರು ಭಾಗವಾಯಿತು. ಆ ಮಂಡಳಗಳ ಅವಧಿ 2020ರಲ್ಲಿ ಮುಗಿಯಿತು. ಅವು ಇದ್ದಷ್ಟು ಕಾಲವೂ ನಾವು ‘ಉಳಿದವರು’. ಪುಣೆಯೂ ಆ ಉಳಿದ ಭಾಗದಲ್ಲಿಯೇ, ಜತ್ತವೂ ಅದರಲ್ಲಿಯೇ. ಜತ್ತ ಮೊದಲು ಸಾಂಗಲಿಯ ಸರಾಸರಿಯಲ್ಲಿ ಮುಳುಗಿತು. ಆ ಸಾಂಗಲಿ ಪಶ್ಚಿಮ ಮಹಾರಾಷ್ಟ್ರದ ಸರಾಸರಿಯಲ್ಲಿ ಸೇರಿತು.

ಅತ್ತ ಕರ್ನಾಟಕದಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ತನ್ನ ವರದಿಯನ್ನು ತಾಲೂಕು ಹಿಡಿದು ಬರೆಯಿತು. ಅಂದಿನ 175 ತಾಲೂಕುಗಳನ್ನು 35 ಲಕ್ಷಣಗಳಿಂದ ತೂಗಿ 114 ತಾಲೂಕುಗಳು ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಹೆಸರು ಹಿಡಿದು ಹೇಳಿತು. ಅದು ಮನೆಗಳ ಉತ್ಪನ್ನದ ಎಣಿಕೆಯಲ್ಲ. ಅದರಂತೆ ಖರ್ಚಾದ ಹಣವೆಲ್ಲ ಸರಿಯಾಗಿ ಮುಟ್ಟಿತೆಂದೂ ನಾವು ಹೇಳುವದಿಲ್ಲ. ಆದರೆ ತಾಲೂಕಿನ ಹೆಸರು ಕಾಗದದ ಮೇಲೆ ಬಂತು. ಹೆಸರು ಬಂದ ಮೇಲೆ ಕೇಳುವ ಹಕ್ಕು ಬರುತ್ತದೆ.

ದೇಶದ ಎಣಿಕೆಗಳು ಹೇಳುವದೇನು?

ಒಕ್ಕಲು ಮನೆಗಳ ಉತ್ಪನ್ನವನ್ನು ಕೇಂದ್ರದ ರಾಷ್ಟ್ರೀಯ ನಮೂನೆ ಸಮೀಕ್ಷೆಯವರು ಮೂರು ಸಲ ಕೇಳಿದ್ದಾರೆ. ದೇಶದ ಸರಾಸರಿ ತಿಂಗಳ ಉತ್ಪನ್ನ 2002-03ರಲ್ಲಿ 2,115 ರೂಪಾಯಿ, 2012-13ರಲ್ಲಿ 6,426, 2018-19ರಲ್ಲಿ 10,218 ಎಂದು ಬಂತು. ಆ ಕೊನೆಯ ಎಣಿಕೆಯಲ್ಲಿ ಮಹಾರಾಷ್ಟ್ರದ್ದು 11,492, ಕರ್ನಾಟಕದ್ದು 13,441. ಇವೆಲ್ಲ ಸರಾಸರಿಗಳೇ, ರಾಜ್ಯಕ್ಕೊಂದು ಅಂಕಿಯೇ. ಜತ್ತ, ಕವಠೆ ಮಹಾಂಕಾಳಗಳ ಹೆಸರನ್ನು ಇಲ್ಲಿ ಹುಡುಕಬಾರದು.

ಆದರೂ ಈ ಅಂಕಿಗಳಲ್ಲಿ ನಮಗೊಂದು ಪಾಠವಿದೆ. 2012-13ರಲ್ಲಿ 6,426 ರೂಪಾಯಿಗಳಲ್ಲಿ ಬೆಳೆಯಿಂದ ಬಂದದ್ದು 3,081, ಕೂಲಿ-ಪಗಾರದಿಂದ ಬಂದದ್ದು 2,071. 2018-19ರಲ್ಲಿ ಬೆಳೆಯಿಂದ 3,798, ಕೂಲಿ-ಪಗಾರದಿಂದ 4,063, ದನಕರುಗಳಿಂದ 1,582. ಒಕ್ಕಲಿಗನೆಂದು ಕರೆಯಿಸಿಕೊಳ್ಳುವವನ ಮನೆಯಲ್ಲಿ ಹೊಲಕ್ಕಿಂತ ಕೂಲಿ-ಪಗಾರದಿಂದ ಹೆಚ್ಚು ಹಣ ಬರಹತ್ತಿದೆ. ಸಾತಬಾರಾ ಉತಾರ ನೋಡಿ ಮನೆಯ ಸ್ಥಿತಿಯನ್ನು ಅಳೆಯುವ ಕಾಲ ಹೋಯಿತೆಂದು ಇದರ ಅರ್ಥ.

ಮನೆಯ ಎಲ್ಲ ಬಗೆಯ ಉತ್ಪನ್ನವನ್ನು ಕೇಳುವ ದೊಡ್ಡ ಎಣಿಕೆಯನ್ನು 2026ರಲ್ಲಿ ನಡೆಸುವದಾಗಿ ಕೇಂದ್ರ ಸರಕಾರ 2025ರಲ್ಲಿ ಸಾರಿತು. ಅಲ್ಲದೆ 2025ರ ಜನವರಿಯಿಂದ ಈ ಸಮೀಕ್ಷೆಗಳಲ್ಲಿ ಮನೆಗಳನ್ನು ಆರಿಸುವಾಗ ಜಿಲ್ಲೆಯನ್ನೇ ಮೂಲ ವಿಭಾಗವಾಗಿ ಹಿಡಿಯುವ ಕ್ರಮ ಬಂದಿದೆ. ಇದು ಒಳ್ಳೆಯ ಹೆಜ್ಜೆ. ಆದರೆ ಜಿಲ್ಲೆಗೇ ನಿಂತರೆ ಪುನಃ ನೆರೆ-ಬರಗಳನ್ನು ಕೂಡಿಸಿ ಭಾಗಿಸಿದಂತೆಯೇ ಆಗುವದು.

ಕೇಳಿದರೆ ನಿಜ ಹೇಳುವೆವೇ?

ಉತ್ಪನ್ನವನ್ನು ಕೇಳುವ ಕೆಲಸ ಸುಲಭವಲ್ಲ. 1950ರ ಮತ್ತು 1960ರ ದಶಕಗಳಲ್ಲಿಯೇ ಸರಕಾರದವರು ಪ್ರಯೋಗಕ್ಕೆಂದು ಕೇಳಿ ನೋಡಿದ್ದರು. ಜನರು ಹೇಳಿದ ಉತ್ಪನ್ನ ಅವರದೇ ಖರ್ಚು ಮತ್ತು ಉಳಿತಾಯ ಕೂಡಿಸಿದ್ದಕ್ಕಿಂತ ಕಡಿಮೆ ಬಂತು. ಆದ್ದರಿಂದ ಅದನ್ನು ಕೈಬಿಟ್ಟು ಖರ್ಚನ್ನು ಕೇಳುವದನ್ನೇ ಮುಂದುವರಿಸಿದರು.

ನಾವು ಒಮ್ಮೆ ಎಣಿಕೆಯ ಕೆಲಸಕ್ಕಾಗಿ ಮನೆಮನೆ ತಿರುಗುತ್ತಿದ್ದಾಗ ಒಬ್ಬ ಹಿರಿಯರು ನಕ್ಕು ಕೇಳಿದರು: “ಯಾವ ಉತ್ಪನ್ನ ಹೇಳ್ಲಿ ಮಾಸ್ತರ? ತಲಾಠಿಗೆ ಹೇಳಿದ್ದೋ, ಬೀಗರಿಗೆ ಹೇಳಿದ್ದೋ?” ಒಳಗಿನಿಂದ ಅವರ ಮನೆಯವರು ಅಂದರು: “ಖರೇದ್ದು ಬರಕೋರಿ ಮಾಸ್ತರ. ಅದನ್ನ ಇನ್ನೂತನಾ ಯಾರೂ ಕೇಳಿಲ್ಲ.” ಆ ತಾಯಿಯ ಮಾತನ್ನು ನಾವು ಮರೆತಿಲ್ಲ.

ತಲಾಠಿಗೆ ಕಡಿಮೆ ಹೇಳುವದು ಬರೀ ದುರಾಸೆಯಿಂದಲ್ಲ. 2014ರಲ್ಲಿ ಮಹಾರಾಷ್ಟ್ರದಲ್ಲಿ ಆಹಾರ ಭದ್ರತೆಯ ಕಾಯದೆ ಜಾರಿಗೆ ಬಂದಾಗ ಅಗ್ಗದ ಕಾಳಿಗೆ ಹಳ್ಳಿಯ ಮನೆಯ ಉತ್ಪನ್ನದ ಮಿತಿಯನ್ನು ವರ್ಷಕ್ಕೆ 44,000 ರೂಪಾಯಿ ಎಂದು ಗೊತ್ತುಮಾಡಿದ್ದರು. ಒಬ್ಬ ಆಳು ದಿನಕ್ಕೆ 200 ರೂಪಾಯಿಯಂತೆ 220 ದಿನ ದುಡಿದರೆ ಅಷ್ಟಾಗುತ್ತದೆ. ಹೆಂಡತಿ ಒಂದು ದಿನ ಕಳೆ ಕೀಳಲು ಹೋದರೆ ಮನೆ ಮಿತಿ ದಾಟಿತು! ಇಂಥ ಮಿತಿಯೊಳಗೆ ಇರಬೇಕಾದರೆ ಕಾಗದದ ಮೇಲೆ ಸುಳ್ಳು ಬರೆಯಿಸದೆ ಗತಿಯಿಲ್ಲ. ಆದರೆ ಎಲ್ಲರೂ ಬರೆಯಿಸಿದ ಆ ಸುಳ್ಳಿನಿಂದ ನಿಜವಾಗಿ ಹಸಿದವನ ಗುರುತೇ ಅಳಿಸಿಹೋಗಿದೆ. ಕಾಗದದ ಮೇಲೆ ಎಲ್ಲರೂ ಬಡವರಾದ ಊರಿನಲ್ಲಿ ಬಡವನಿಗೆ ಸಾಕ್ಷಿಯಿಲ್ಲ.

ಹೊರನಾಡಿನ ಒಂದು ಪದ್ಧತಿ

ಅಮೇರಿಕೆಯಲ್ಲಿ ಕೌಂಟಿ ಎಂಬ ಆಡಳಿತದ ವಿಭಾಗಗಳಿವೆ, ಒಟ್ಟು 3,100ಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ನಮ್ಮ ತಾಲೂಕಿಗಿಂತ ಚಿಕ್ಕವು. ಅಲ್ಲಿಯ ಜನಗಣತಿಯ ಇಲಾಖೆ ಪ್ರತಿಯೊಂದು ಕೌಂಟಿಯ ನಡುವಿನ ಮನೆಯ ಉತ್ಪನ್ನವನ್ನು ವರ್ಷಕ್ಕೊಮ್ಮೆ ಅಂದಾಜು ಮಾಡಿ ಪ್ರಕಟಿಸುತ್ತದೆ. ಚಿಕ್ಕ ಕೌಂಟಿಯಲ್ಲಿ ಕೇಳಲು ಸಿಗುವ ಮನೆಗಳು ಕಡಿಮೆ. ನಾಲ್ಕು ಮನೆ ಹೆಚ್ಚುಕಡಿಮೆಯಾದರೆ ಅಂಕಿಯೇ ತಲೆಕೆಳಗಾಗುವದು. ಆದ್ದರಿಂದ ಅವರು ಮನೆಯವರ ಮಾತೊಂದನ್ನೇ ನೆಚ್ಚುವದಿಲ್ಲ. ತೆರಿಗೆಯ ಕಾಗದಗಳು, ಆಹಾರದ ನೆರವು ಪಡೆದವರ ಸಂಖ್ಯೆ, ಹಿಂದಿನ ಜನಗಣತಿ ಇವುಗಳನ್ನೂ ಪಕ್ಕದಲ್ಲಿಟ್ಟು ತೂಗುತ್ತಾರೆ. ಹೆಚ್ಚು ಮನೆಗಳನ್ನು ಕೇಳಿದ ಕಡೆ ಮನೆಯವರ ಮಾತಿಗೆ ಹೆಚ್ಚು ತೂಕ, ಕಡಿಮೆ ಕೇಳಿದ ಕಡೆ ಕಾಗದದ ಗುರುತುಗಳಿಗೆ ಹೆಚ್ಚು ತೂಕ. ಚಿಕ್ಕ ಕೌಂಟಿಗಳಿಗೆ ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸಿ ನೋಡುವ ಇನ್ನೊಂದು ಲೆಕ್ಕವೂ ಅಲ್ಲಿದೆ.

ಇದರಲ್ಲಿ ನಮಗೆ ಹೊಸದೇನೂ ಇಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವನು ಮಾರುವವನ ಮಾತೊಂದನ್ನೇ ನಂಬುವನೇ? ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಹಾಗೆಯೇ ತಾಲೂಕಿಗೂ ಗುರುತುಗಳುಂಟು: ಡೇರಿಗೆ ಹಾಕಿದ ಹಾಲು, ಉದ್ಯೋಗ ಖಾತ್ರಿಯ ಕೆಲಸದ ದಿನಗಳು, ಕಬ್ಬು ಕಡಿಯಲು ಹೋದ ಬಂಡಿಗಳು, ಬೇಸಿಗೆಯ ಟ್ಯಾಂಕರಿನ ಸರದಿಗಳು, ಕಾಲುವೆಯ ನೀರು ಹರಿದ ಎಕರೆಗಳು. ಇವೆಲ್ಲ ಯಾವದೋ ಒಂದು ಕಚೇರಿಯ ವಹಿಯಲ್ಲಿ ಇದ್ದೇ ಇವೆ. ಸಮೀಕ್ಷೆಯ ಮನೆಗಳನ್ನು ಈ ಗುರುತುಗಳೊಡನೆ ಹೊಂದಿಸಿ ತಾಲೂಕಿಗೊಂದು ಅಂದಾಜು ತೆಗೆಯುವದು ಸಾಂಖ್ಯಿಕ ಇಲಾಖೆಗೆ ಅಸಾಧ್ಯದ ಮಾತಲ್ಲ.

ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಸುವಾಗ

ಒಂದು ವರ್ಷದ ಅಂಕಿಯಿಂದ ಹೆಚ್ಚು ತಿಳಿಯದು. ಹತ್ತು ವರ್ಷಗಳಲ್ಲಿ ನಡುವಿನ ಮನೆ ಮೇಲೆದ್ದಿತೋ ಕೆಳಗಿಳಿಯಿತೋ ಎಂಬದೇ ಮುಖ್ಯ. ಆದರೆ ಹೋಲಿಸುವಾಗ ಐದು ಎಚ್ಚರಗಳು ಬೇಕು.

ಮೊದಲನೆಯದು ಬೆಲೆ. ನಡುವಿನ ಮನೆಯ ಉತ್ಪನ್ನ 85,000ದಿಂದ ಐದು ವರ್ಷಗಳಲ್ಲಿ 1,02,000ಕ್ಕೆ ಏರಿತೆಂದು ಹಿಡಿಯಿರಿ. ನೂರಕ್ಕೆ 20 ಹೆಚ್ಚಿತು. ಅಷ್ಟರಲ್ಲಿ ಎಣ್ಣೆ, ಬೇಳೆ, ಗೊಬ್ಬರ, ಬಸ್ಸು ಎಲ್ಲ ಕೂಡಿ ಬೆಲೆಗಳು ನೂರಕ್ಕೆ 25 ಏರಿದ್ದರೆ ಆ 1,02,000ವನ್ನು 125ರಿಂದ ಭಾಗಿಸಿ 100ರಿಂದ ಗುಣಿಸಬೇಕು. ಬರುವದು 81,600. ಹಮ್ಮಿಣಿಯಲ್ಲಿ ನೋಟು ಹೆಚ್ಚಾದವು, ಮನೆ 3,400 ರೂಪಾಯಿಯಷ್ಟು ಬಡವಾಯಿತು. ಮೇಲೆ ಹೇಳಿದ ದೇಶದ ಅಂಕಿಯೂ 2012-13ರಿಂದ 2018-19ಕ್ಕೆ ನೂರಕ್ಕೆ 59ರಷ್ಟು ಏರಿದಂತೆ ಕಾಣುತ್ತದೆ. ಬೆಲೆಯೇರಿಕೆಯನ್ನು ಕಳೆದರೆ ಅದರ ಅರ್ಧವೂ ಉಳಿಯುವದಿಲ್ಲ.

ಎರಡನೆಯದು ಮನೆ. ಒಂದು ಒಲೆ ಒಂದು ಮನೆ ಎಂದು ಹಿಡಿಯಬೇಕು. ಮೂವರು ಅಣ್ಣತಮ್ಮಂದಿರು ಬೇರೆಯಾದರೆ ಒಂದು ಮನೆ ಮೂರಾಗುತ್ತದೆ, ಪ್ರತಿ ಮನೆಯ ಉತ್ಪನ್ನ ಮೂರನೆಯ ಒಂದು ಪಾಲಾಗುತ್ತದೆ. ಯಾರೂ ಬಡವರಾಗದೆಯೇ ಮಧ್ಯಾಂಕ ಇಳಿಯುತ್ತದೆ. ಆದ್ದರಿಂದ ಉಣ್ಣುವ ಬಾಯಿಗಳೆಷ್ಟು ಎಂಬದನ್ನೂ ಜೊತೆಗೆ ಬರೆಯಬೇಕು.

ಮೂರನೆಯದು ಎಲ್ಲೆ. ನಮ್ಮ ಜಿಲ್ಲೆ 1949ರಲ್ಲಿ ದಕ್ಷಿಣ ಸಾತಾರಾ ಎಂದು ಹುಟ್ಟಿ 1960ರಲ್ಲಿ ಸಾಂಗಲಿಯಾಯಿತು. ಪಲೂಸ, ಕಡೇಗಾಂವ ಮೊದಲಾದ ತಾಲೂಕುಗಳು ಅದರ ನಂತರ ಹುಟ್ಟಿದವು. ಹಳೆಯ ತಾಲೂಕಿನ ಅಂಕಿಯನ್ನು ಹೊಸ ತಾಲೂಕಿನ ಅಂಕಿಯ ಪಕ್ಕದಲ್ಲಿ ಇಡುವ ಮೊದಲು ಊರುಗಳು ಅವೇ ಹೌದೋ ಎಂದು ನೋಡಬೇಕು. ಮಿರಜ ತಾಲೂಕಿನಲ್ಲಿ ಇನ್ನೊಂದು ತೊಡಕು. ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆ ಈ ತಾಲೂಕಿನಲ್ಲಿಯೇ ಇದೆ. ನಗರವನ್ನು ಬೇರೆ, ಆರಗ-ಬೇಡಗ-ಸಲಗರೆಗಳಂಥ ಹಳ್ಳಿಗಳನ್ನು ಬೇರೆ ಎಣಿಸದಿದ್ದರೆ ನಗರದ ದವಾಖಾನೆಗಳ ಉತ್ಪನ್ನ ಹಳ್ಳಿಯವರ ತಲೆಗೂ ಬೀಳುವದು.

ನಾಲ್ಕನೆಯದು ಪ್ರಶ್ನೆ. 2012-13ರ ಎಣಿಕೆಯಲ್ಲಿ ವರ್ಷಕ್ಕೆ 3,000 ರೂಪಾಯಿಗೆ ಮಿಕ್ಕಿ ಬೆಳೆದ ಮನೆಯನ್ನು ಒಕ್ಕಲು ಮನೆ ಎಂದರು. 2018-19ರಲ್ಲಿ ಅದನ್ನು 4,000ಕ್ಕೆ ಏರಿಸಿದರು. ಕೇಳುವ ಬಗೆ ಬದಲಾದರೆ ಉತ್ತರವೂ ಬದಲಾಗುವದು. ಐದನೆಯದು ಹಂಗಾಮು. ಬರದ ವರ್ಷಕ್ಕೂ ಸುಗ್ಗಿಯ ವರ್ಷಕ್ಕೂ ಹೋಲಿಸಿದರೆ ಪ್ರಗತಿಯೂ ಸುಳ್ಳು, ಅವನತಿಯೂ ಸುಳ್ಳು. ಮೂರು ವರ್ಷಗಳನ್ನು ಕೂಡಿ ನೋಡುವದು ಮೇಲು.

ಊರಿನ ಗಡಿಗೆ

ಇದೆಲ್ಲ ಸರಕಾರ ಮಾಡಬೇಕಾದದ್ದಾಯಿತು. ನಾವು ಮಾಡಬಹುದಾದದ್ದೂ ಒಂದಿದೆ. ಬಸವ ಜಯಂತಿಯಿಂದ ಕಾರಹುಣ್ಣಿವೆಯ ನಡುವೆ ಒಂದು ದಿನ ಗೊತ್ತುಮಾಡಿರಿ. ಆಗ ಕಬ್ಬು ಕಡಿಯಲು ಹೋದವರು ಮರಳಿರುತ್ತಾರೆ. ದೀಪಾವಳಿಯ ನಂತರ ಎಣಿಸಿದರೆ ಊರಿನ ಬಡವರೇ ಲೆಕ್ಕದಿಂದ ಹೊರಗಾಗುವರು.

ಪ್ರತಿ ಒಲೆಗೆ ಒಂದು ಚೀಟಿ. ಅದರ ಮೇಲೆ ಹೆಸರು ಬೇಡ, ಜಾತಿ ಬೇಡ. ಐದು ಸಾಲುಗಳಲ್ಲಿ ತಮ್ಮ ಸಾಲಿಗೆ ಗುರುತು ಹಾಕಿ, ಉಣ್ಣುವ ಬಾಯಿಗಳೆಷ್ಟೆಂದು ಬರೆದು, ಮಡಚಿ ಗಡಿಗೆಯಲ್ಲಿ ಹಾಕಬೇಕು. ಬರೆಯಬಾರದವರಿಗೆ ಅವರ ಮಕ್ಕಳೇ ಸಹಾಯ ಮಾಡಲಿ. ಉತ್ಪನ್ನವೆಂದರೆ ಮಾರಿದ ಬೆಳೆಯ ಹಣದಲ್ಲಿ ಬೀಜ, ಗೊಬ್ಬರ, ಔಷಧ, ಆಳು, ಬಾಡಿಗೆ ಕಳೆದು ಉಳಿದದ್ದು, ಮನೆಯಲ್ಲಿ ಉಂಡ ಜೋಳದ ಬೆಲೆ, ಹಾಲು, ಕುರಿ, ಕೋಳಿಯಿಂದ ಬಂದದ್ದು, ಕೂಲಿ, ಪಗಾರ, ಪರಊರಿನಿಂದ ಮಗ ಕಳಿಸಿದ್ದು, ಕೇಂದ್ರದ ಕಿಸಾನ ನಿಧಿಯ 6,000ದಂಥ ಸರಕಾರದ ಹಣ. ಸೊಸೈಟಿಯ ಸಾಲವಾಗಲಿ, ಮುಕಾದಮನಿಂದ ತಂದ ಉಚಲಿನಲ್ಲಿ ಇನ್ನೂ ದುಡಿದು ತೀರಿಸದ ಭಾಗವಾಗಲಿ ಉತ್ಪನ್ನವಲ್ಲ. ಅದು ತಿರುಗಿ ಕೊಡಬೇಕಾದ ಹಣ.

ಲೆಕ್ಕ ಹೀಗೆ. 240 ಒಲೆಗಳ ಊರೆನ್ನಿರಿ. 50,000ದವರೆಗೆ 64 ಚೀಟಿ, 50,000ದಿಂದ ಒಂದು ಲಕ್ಷದವರೆಗೆ 80, ಒಂದರಿಂದ ಎರಡು ಲಕ್ಷದವರೆಗೆ 56, ಎರಡರಿಂದ ಐದು ಲಕ್ಷದವರೆಗೆ 30, ಮೇಲೆ 10. ಅರ್ಧವೆಂದರೆ 120ನೆಯ ಮನೆ. ಮೊದಲ ಸಾಲಿನಲ್ಲಿ 64 ಮುಗಿದವು. ಇನ್ನು 56 ಬೇಕು. ಎರಡನೆಯ ಸಾಲಿನ 80ರಲ್ಲಿ 56 ಎಂದರೆ ಹತ್ತರಲ್ಲಿ ಏಳು ಪಾಲು. ಆ ಸಾಲಿನ ಅಗಲ 50,000. ಅದರ ಹತ್ತರಲ್ಲಿ ಏಳು ಪಾಲು 35,000. ಮೊದಲಿನ 50,000ಕ್ಕೆ ಕೂಡಿಸಿದರೆ 85,000. ಇದೇ ಆ ಊರಿನ ನಡುವಿನ ಮನೆಯ ಅಂದಾಜು. ಮೇಲಿನ ಹತ್ತು ಮನೆಯವರು ಕೋಟ್ಯಧೀಶರಾದರೂ ಇದು ಕದಲುವದಿಲ್ಲ. ಹಲವು ಊರುಗಳನ್ನು ಕೂಡಿ ನೋಡುವಾಗ ಮಾತ್ರ ಊರುಗಳ ಮಧ್ಯಾಂಕಗಳ ಸರಾಸರಿ ತೆಗೆಯಬಾರದು. ಸಾಲು ಸಾಲಿನ ಚೀಟಿಗಳನ್ನು ಕೂಡಿಸಿ ಪುನಃ ನಡುವನ್ನು ಹುಡುಕಬೇಕು. ಐದು ವರ್ಷಕ್ಕೊಮ್ಮೆ ಇದೇ ಐದು ಸಾಲು, ಇದೇ ಹಂಗಾಮು, ಇದೇ ಪ್ರಶ್ನೆ.

ಎಣಿಸಿದರೆ ಹೊಟ್ಟೆ ತುಂಬುವದೇ ಎಂದು ಕೆಲವರು ಕೇಳುವರು. ತುಂಬುವದಿಲ್ಲ. ಕೃಷ್ಣೆಯಿಂದ ಮ್ಹೈಸಾಳದಲ್ಲಿ ಎತ್ತಿದ ನೀರು ಜತ್ತದ ಕಡೆಯ ಊರುಗಳಿಗೂ ಮುಟ್ಟಬೇಕೆಂದು ನಮ್ಮ ಹಿರಿಯರು ಬೇಡುತ್ತ ಬಂದರು. ಬೇಡುವಾಗ ಅವರ ಕೈಯಲ್ಲಿ ಕಷ್ಟದ ಕಥೆಯಿತ್ತು, ಲೆಕ್ಕದ ಕಾಗದವಿರಲಿಲ್ಲ. ಕಥೆ ಕೇಳಿದವರು ಮರುಗಿ ಮರೆತರು. ನೀರು ಬಂದ ಊರಿನ ನಡುವಿನ ಮನೆ ಐದು ವರ್ಷದಲ್ಲಿ ಎಷ್ಟು ಮೇಲೆದ್ದಿತು, ಬಾರದ ಊರಿನ ನಡುವಿನ ಮನೆ ಎಲ್ಲಿ ನಿಂತಿತು ಎಂಬ ಎರಡು ಅಂಕಿಗಳನ್ನು ಎದುರಿಗೆ ಇಟ್ಟರೆ ಉತ್ತರ ಕೊಡದೆ ಏಳುವದು ಯಾವ ಸಾಹೇಬರಿಗೂ ಕಠಿಣವಾದೀತು.

ಆದ್ದರಿಂದ ಬಂಧುಗಳೇ, ಮುಂದಿನ ಗ್ರಾಮಸಭೆಯಲ್ಲಿ ಮೂರು ಮಾತುಗಳ ಠರಾವು ಆಗಲಿ: ಹೊಸ ಎಣಿಕೆಯ ಅಂಕಿಗಳನ್ನು ತಾಲೂಕುವಾರು ತೆಗೆದು ಪ್ರಕಟಿಸಬೇಕು, ಸರಾಸರಿಯ ಜೊತೆಗೆ ಮಧ್ಯಾಂಕವನ್ನೂ ಕೊಡಬೇಕು, ಎಣಿಸುವವನಿಗೆ ಹೇಳಿದ ಉತ್ಪನ್ನದಿಂದ ಯಾರ ರೇಶನ್ ಕಾರ್ಡಿಗೂ ಧಕ್ಕೆ ಬರದೆಂದು ಸರಕಾರ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಚಾವಡಿಯ ಮೇಲೆ ಬರೆದು ಹಚ್ಚಬೇಕು. ಅದಾದ ಮೇಲೆ ಎಣಿಸುವವರು ಬಾಗಿಲಿಗೆ ಬಂದಾಗ ತಲಾಠಿಗೆ ಹೇಳಿದ್ದನ್ನೂ ಬೀಗರಿಗೆ ಹೇಳಿದ್ದನ್ನೂ ಬಿಟ್ಟು ಖರೇ ಇದ್ದದ್ದನ್ನು ಹೇಳೋಣ. ಅದನ್ನು ಈಗಲಾದರೂ ಯಾರೋ ಕೇಳಲು ಬರುತ್ತಿದ್ದಾರೆ.